ನಿಂತು ನಿಂತು ಹೋಗುವ ಹಳೆಯ ಕಾರು

ಬೇಸಿಗೆಯ ರಜೆ ಬಂತೆಂದರೆ ಪುಣೆಯ ಕನ್ನಡ ಕುಟುಂಬಗಳು ಸೊಲ್ಲಾಪುರದ ಹಾದಿ ಹಿಡಿದು ವಿಜಯಪುರ, ಕಲಬುರ್ಗಿಗಳ ಕಡೆ ಹೊರಡುವುದು ವಾಡಿಕೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರನ್ನು ಇನ್ನೂ ಜತನವಾಗಿ ಇಟ್ಟುಕೊಂಡವರೂ ಉಂಟು. ಅಂಥ ಪೆಟ್ರೋಲು ಕಾರು ಇಂದಾಪುರದ ಸುಡುಬಿಸಿಲಿನಲ್ಲಿ ತಟ್ಟನೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊರಟರೆ, ಕಾರ್ಬುರೇಟರು ಬದಲಿಸಲು ಆತುರಪಡಬೇಕಾಗಿಲ್ಲ.

ಮೊದಲು ಮಕ್ಕಳುಮರಿಗಳನ್ನು ಇಳಿಸಿ, ಲಾರಿಗಳ ಹಾದಿಯಿಂದ ದೂರ ನಿಲ್ಲಿಸತಕ್ಕದ್ದು. ಆಮೇಲೆ ಟಾಂಕಿಯ ಮುಚ್ಚಳ ತೆರೆಯಿರಿ. ಗಾಳಿ ಒಳನುಗ್ಗಿದ ಸದ್ದಾಗಿ ಕಾರು ಹೊರಟರೆ, ಮುಚ್ಚಳದ ಗಾಳಿರಂಧ್ರ ಕಟ್ಟಿರುವ ಸಂಭವವೇ ಹೆಚ್ಚು. ಹಾಗಲ್ಲವಾದರೆ ಮುಚ್ಚಳ ಭದ್ರಪಡಿಸಿ, ಇಂಜಿನು ತಣಿಯುವ ಮುನ್ನವೇ ಬಲ್ಲವರಿಂದ ಪ್ಲಗ್ಗಿನ ಕಿಡಿ ನೋಡಿಸಬೇಕು; ತಣಿದ ಮೇಲೆ ರೋಗವೇ ಅಡಗಿಬಿಡುತ್ತದೆ. ಪೆಟ್ರೋಲು ಸೋರುತ್ತಿದ್ದರಂತೂ ಕಿಡಿಯ ಪರೀಕ್ಷೆ ಸಲ್ಲದು.

ಕಿಡಿಯಿಲ್ಲವಾದರೆ ಕಾಯಿಲು, ಕಂಡೆನ್ಸರುಗಳನ್ನು ಸಂಶಯಿಸಬೇಕು. ಕಿಡಿ ಚೆನ್ನಾಗಿದ್ದರೆ, ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಪಂಪು ಎಳೆಯದಂತಾಗಿರಬಹುದು. ಪಂಪಿಗೂ ಕೊಳವೆಗೂ ಒದ್ದೆ ಬಟ್ಟೆ ಸುತ್ತಿದರೆ ಹೊರಟೀತು.

ಮೇಸ್ತ್ರಿಯ ಬಳಿ ಬರಿದೆ "ಗಾಡಿ ನಿಲ್ಲುತ್ತದೆ" ಎನ್ನದೆ, ಎಷ್ಟು ಹೊತ್ತು ಓಡಿ ನಿಂತಿತು, ಆಗ ಕಿಡಿಯಿತ್ತೆ ಎಂಬುದನ್ನು ಹೇಳಿ. ಹಣವೂ ಉಳಿದೀತು, ಊರಿನ ಜಾತ್ರೆಯೂ ತಪ್ಪದು.