ಮತ್ಸ್ಯವಿನೋದವೂ ‘ಬಿಟ್ಟ ಮೀನೂ’

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ವಾಚಕರಿಗೆ ಅಪರಿಚಿತವಾದ ಗ್ರಂಥವಲ್ಲ. ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರಿನಿಂದಲೂ ಪ್ರಸಿದ್ಧವಾದ ಈ ಕೃತಿಯು ಕ್ರಿ. ಶ. ೧೧೩೦ರ ಆಸುಪಾಸಿನದು, ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳನ್ನು ಒಳಗೊಂಡಿದೆ. ಇದರಲ್ಲಿಯ ಸಂಗೀತ, ಚಿತ್ರ, ಪಾಕ ಮೊದಲಾದ ಭಾಗಗಳನ್ನು ಪಂಡಿತರು ಅನೇಕಾವರ್ತಿ ವಿಮರ್ಶಿಸಿದ್ದಾರೆ. ವಿನೋದಗಳ ವಿಂಶತಿಯಲ್ಲಿ ಬರುವ ಮತ್ಸ್ಯವಿನೋದವನ್ನು ಮಾತ್ರ, ನನ್ನಂತೆ ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರು, ಮೂಗು ಮುಚ್ಚಿಕೊಂಡು ಹಾಳೆ ಮಗುಚುವುದೇ ವಾಡಿಕೆ. ಈ ಅಧ್ಯಾಯದ ಬೆಲೆಯನ್ನು ತೋರಿಸಿಕೊಟ್ಟವರು ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು; ೧೯೫೧ರಲ್ಲಿ ಅವರು ಬರೆದ ಲೇಖನವಿಲ್ಲದಿದ್ದರೆ ನಾನೂ ಇದನ್ನು ಓದುತ್ತಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ರಾಜನು ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಶಲ್ಕವುಳ್ಳವು, ಶಲ್ಕವಿಲ್ಲದವು ಎಂದೂ ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು, ಗಾಳದ ಕೋಲು ಎಂಥದು, ಹುರಿ ಎಂಥದು ಎಂಬುದನ್ನೆಲ್ಲ ಕೈಯಾರೆ ಮಾಡಿ ತಿಳಿದವನಂತೆ ಹೇಳುತ್ತಾನೆ. ಹೊಟ್ಟೆಪಾಡಿಗಾಗಿ ಹಿಡಿಯುವುದು ಬೇರೆ, ವಿನೋದಕ್ಕಾಗಿ ಹಿಡಿಯುವುದು ಬೇರೆ ಎಂಬ ಭೇದವು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡನಾಡಿನ ಅರಮನೆಯಲ್ಲಿ ಸ್ಪಷ್ಟವಾಗಿತ್ತು. ಈಚಿನವರು ಈ ವಿನೋದಕ್ಕೆ ಒಂದು ನಿಯಮವನ್ನು ಕೂಡಿಸಿದ್ದಾರೆ: ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಡತಕ್ಕದ್ದು. ಪರದೇಶಗಳಲ್ಲಿ ಇದಕ್ಕಾಗಿ ದೋಣಿಯನ್ನೂ ನಾವಿಕನನ್ನೂ ಬಾಡಿಗೆಗೆ ಗೊತ್ತುಮಾಡಿಕೊಂಡು ಕಡಲ ಅಂಚಿನಲ್ಲಿ ಗಾಳ ಹಾಕಿ ಸಂಜೆಗೆ ಬರಿಗೈಯಲ್ಲಿ ಮರಳುವವರು ಬಹಳ. ನಮ್ಮಲ್ಲಿ ಈ ಪದ್ಧತಿ ಬೇರೂರಿದ್ದು ಕಾವೇರಿಯಲ್ಲಿ. ದೋಣಿಗೆ ಬದಲು ಹರಿಗೋಲು, ನಾವಿಕನಿಗೆ ಬದಲು ನದಿಯ ಮಡುಗಳನ್ನೆಲ್ಲ ಬಲ್ಲ ಊರಿನ ಆಳು.

ಈ ವಿನೋದದ ನಾಯಕನು ಬಿಳಿಮೀನು. ಇಂಗ್ಲಿಷರು ಇದನ್ನು ಮಹಸೀರ್ ಎಂದರು. ಆ ಶಬ್ದದ ವ್ಯುತ್ಪತ್ತಿಯಲ್ಲಿ ಒಮ್ಮತವಿಲ್ಲ. ದೊಡ್ಡ ತಲೆಯದೆಂಬ ಅರ್ಥದಲ್ಲಿ ‘ಮಹಾಶಿರ’ ಎನ್ನುವವರುಂಟು, ಪಾರಸಿಯಿಂದ ‘ಮೀನುಗಳಲ್ಲಿ ಸಿಂಹ’ ಎಂದು ಬಿಡಿಸುವವರುಂಟು. ಮನುಸ್ಮೃತಿಯ ಶ್ರಾದ್ಧಪ್ರಕರಣದಲ್ಲಿ ಬರುವ ‘ಮಹಾಶಲ್ಕ’ ಶಬ್ದವು ನನ್ನ ಮನಸ್ಸಿಗೆ ಹತ್ತಿರವಾದರೂ ಅದರಿಂದಲೇ ಬಂತೆಂದು ಸಾಧಿಸುವ ಧೈರ್ಯ ನನಗಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸನು ೧೮೭೩ರಲ್ಲಿ ಗಾಳದ ವಿದ್ಯೆಯನ್ನು ಕುರಿತು ಬರೆದ ಪುಸ್ತಕದಿಂದ ಈ ಮೀನಿನ ಕೀರ್ತಿ ಕಡಲಾಚೆಗೆ ಹಬ್ಬಿತು. ಹೆಗ್ಗಡದೇವನಕೋಟೆಯ ಕಪಿಲೆಗೂ ಇದರಲ್ಲಿ ಪಾಲುಂಟು. ೧೯೪೬ನೆಯ ಇಸವಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ಹಿಡಿದ ೧೨೦ ಪೌಂಡಿನ, ಎಂದರೆ ಸುಮಾರು ೫೪ ಕಿಲೋಗ್ರಾಂ ತೂಕದ, ಮೀನು ದಾಖಲೆಯಲ್ಲಿದೆ.

ಮೀನನ್ನು ಬಿಡುವುದು ಸುಲಭದ ಕೆಲಸವೆಂದು ನಾನು ಭಾವಿಸಿದ್ದೆ. ಹಾಗಲ್ಲ. ಗಾಳಕ್ಕೆ ರಾಗಿಹಿಟ್ಟಿನ ಉಂಡೆಯನ್ನೋ ಏಡಿಯನ್ನೋ ಸಿಕ್ಕಿಸುತ್ತಾರೆ (ರಾಗಿಯ ಮುದ್ದೆಗೆ ಮನಸೋಲುವುದು ನಮ್ಮ ಸೀಮೆಯ ಮನುಷ್ಯರು ಮಾತ್ರವಲ್ಲ). ದೊಡ್ಡ ಮೀನು ಕಚ್ಚಿದರೆ ಬಹಳ ಹೊತ್ತು ಸೆಣಸುತ್ತದೆ. ಸೆಣಸಿದಷ್ಟೂ ಅದರ ಸ್ನಾಯುಗಳಲ್ಲಿ ಆಮ್ಲ ಕೂಡಿ ಉಸಿರು ಕುಂದುತ್ತದೆ. ಬೇಸಗೆಯ ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಮೆಯಾದ್ದರಿಂದ ಅಪಾಯ ಇಮ್ಮಡಿ. ಆದಕಾರಣ ಬಲ್ಲವರು ಮೀನನ್ನು ನೀರಿನಿಂದ ಹೆಚ್ಚು ಹೊತ್ತು ಹೊರಗಿಡದೆ ಗಾಳ ತೆಗೆದು, ತೂಕವನ್ನು ಬರೆದುಕೊಂಡು, ತಲೆಯನ್ನು ಪ್ರವಾಹಕ್ಕೆ ಎದುರುಮಾಡಿ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಅದು ತಾನಾಗಿ ಬಾಲ ಬೀಸಿ ಹೋಗುವವರೆಗೂ ಬಿಡುವುದಿಲ್ಲ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳ ಬಿಡಾರಗಳಲ್ಲಿ ಈ ಕೆಲಸದಲ್ಲಿ ನುರಿತವರು ನದಿಯಂಚಿನ ಹಳ್ಳಿಯವರು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಕೆಲವರೇ ಸಂಬಳಕ್ಕೆ ಸೇರಿ ಅದೇ ಮೀನಿಗೆ ಕಾವಲಾದರು.

ಇನ್ನು ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಪಿರಿಯಾಪಟ್ಟಣದ ಸೀಮೆಯಲ್ಲಿ ಕಾವೇರಿಯ ದಡದ ಒಬ್ಬ ವೃದ್ಧನನ್ನು, ಬಿಳಿಮೀನು ಈಗಲೂ ಸಿಗುವುದೇ ಎಂದು ಕೇಳಿದೆ. “ಬಿಳಿಮೀನು ಅಂದ್ರೆ ಬೆನ್ನು ಗೂನಿರೋದು ಸ್ವಾಮಿ, ಅದೆಲ್ಲಿ ಬಂತು? ಈಗ ಸಿಕ್ಕೋದೆಲ್ಲ ಬಿಟ್ಟ ಮೀನು” ಎಂದನು. ಗಾಳದವರು ಹಿಡಿದು ಬಿಟ್ಟದ್ದೆಂದು ನಾನು ತಿಳಿದೆ. ಅವನ ಅರ್ಥ ಅದಲ್ಲ. ಮರಿಗಳನ್ನು ಹೊರಗಿನಿಂದ ತಂದು ಹೊಳೆಗೆ ಬಿಟ್ಟರಲ್ಲ, ಆ ಮೀನು. ‘ಬಿಡು’ ಎಂಬ ಒಂದೇ ಧಾತುವು ಇಲ್ಲಿ ಎರಡು ಕ್ರಿಯೆಗಳನ್ನು ಹೇಳುತ್ತದೆ: ಇದ್ದದ್ದನ್ನು ಅದರ ಪಾಡಿಗೆ ಬಿಡುವುದು ಒಂದು, ಇಲ್ಲದ್ದನ್ನು ತಂದು ಬಿಡುವುದು ಇನ್ನೊಂದು. ಒಂದೇ ಸದುದ್ದೇಶದಿಂದ ಎರಡನ್ನೂ ಮಾಡಿದರು. ಮೊದಲನೆಯದು ಕಾದದ್ದನ್ನು ಎರಡನೆಯದು ಕೆಡಿಸಿತು.

ಸಂಗತಿ ಹೀಗಿದೆ. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿಮಾಡಿದ ನೀಲಿ ಈಜುರೆಕ್ಕೆಯ ಮಹಸೀರನ್ನು ೧೯೭೦ರ ದಶಕದಿಂದೀಚೆಗೆ ಕಾವೇರಿಗೆ ತಂದು ಬಿಟ್ಟರು. ಅದು ೧೮೩೯ರಲ್ಲಿ ಸೈಕ್ಸನು ಪುಣೆಯ ಕಡೆಯ ಹೊಳೆಯಿಂದ ವರ್ಣಿಸಿದ ಜಾತಿ. ನಮ್ಮ ಬಿಳಿಮೀನಾದರೋ ಬೆನ್ನು ಗೂನು, ಈಜುರೆಕ್ಕೆ ಕಿತ್ತಳೆಯ ಬಣ್ಣ. ಗಾಳಿಬೋರೆಯ ಬಿಡಾರದ ಲೆಕ್ಕದ ಪುಸ್ತಕಗಳು ಉಳಿದದ್ದರಿಂದ ಮುಂದಿನ ಕಥೆ ತಿಳಿಯಿತು. ೧೯೯೮ರಿಂದ ೨೦೧೨ರವರೆಗೆ ೨೩,೬೨೦ ಗಂಟೆಗಳ ಕಾಲ ಗಾಳ ಹಾಕಿ ೬,೧೬೧ ಮೀನುಗಳನ್ನು ಹಿಡಿದು ಬಿಟ್ಟಿದ್ದರು. ವಿದ್ವಾಂಸರು ಇದನ್ನು ಜಾತಿವಾರು ಬಿಡಿಸಿ ನೋಡಿದಾಗ, ಒಟ್ಟು ಸಂಖ್ಯೆ ಏರುತ್ತ ಹೋದದ್ದು ನೀಲಿಯ ಮೀನಿನಿಂದಲೇ ಎಂದೂ, ಗೂನುಬೆನ್ನಿನದು ವರ್ಷವರ್ಷಕ್ಕೆ ಕುಗ್ಗಿ, ಸಿಕ್ಕವು ಬಹುಮಟ್ಟಿಗೆ ದೊಡ್ಡ ಮುದಿ ಮೀನುಗಳೇ ಎಂದೂ ಕಂಡುಬಂತು. ಮರಿ ಹುಟ್ಟಿ ಬೆಳೆಯುವುದು ನಿಂತಿತ್ತು. ಬಲವಾದದ್ದು ದುರ್ಬಲವನ್ನು ನುಂಗುವುದೇ ಮಾತ್ಸ್ಯನ್ಯಾಯವೆಂದು ನಾವು ಓದಿದ್ದೇವೆ; ಇಲ್ಲಿ ನುಂಗದೆಯೇ ಒಂದು ಮೀನು ಮತ್ತೊಂದರ ಸ್ಥಾನವನ್ನು ಆಕ್ರಮಿಸಿತು.

ಇದಕ್ಕಿಂತ ಆಶ್ಚರ್ಯವೆಂದರೆ, ಜಗತ್ಪ್ರಸಿದ್ಧವಾದ ಈ ಮೀನಿಗೆ ಶಾಸ್ತ್ರದಲ್ಲಿ ಇತ್ಯರ್ಥವಾದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ೨೦೦೭ರಲ್ಲಿ ‘ಟಾರ್ ರೆಮಾದೇವಿ’ ಎಂಬ ಜಾತಿಯನ್ನು ವರ್ಣಿಸಿದ್ದರು. ಆ ಹೊಳೆಯ ನೀರು ಅಮರಾವತಿಯ ಮೂಲಕ ಕಾವೇರಿಗೇ ಸೇರತಕ್ಕದ್ದು. ಗೂನುಬೆನ್ನಿನ ಮಹಸೀರೂ ಅದೇ ಎಂದು ನಿರ್ಣಯವಾದದ್ದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ನಾಮವು ನಿಶ್ಚಯವಾಗುವತನಕ ಪಟ್ಟಿಯಲ್ಲಿ ಸ್ಥಾನವಿಲ್ಲ. ನಮ್ಮ ವೃದ್ಧನಿಗೋ ಎರಡೂ ಬೇರೆಯೆಂದು ಮೊದಲೇ ಗೊತ್ತಿತ್ತು.

ಅಷ್ಟರೊಳಗೆ ಗಾಳವೂ ನಿಂತಿತ್ತು. ೧೯೭೨ರ ವನ್ಯಜೀವಿ ಶಾಸನದಂತೆ ಅಭಯಾರಣ್ಯದಲ್ಲಿ ಮೀನನ್ನು ಹಿಡಿಯುವುದೂ ಬೇಟೆಯೇ ಎಂದು ಅರ್ಥೈಸಿದ್ದರಿಂದ ಕಾವೇರಿ ಅಭಯಾರಣ್ಯದ ಬಿಡಾರಗಳಲ್ಲಿ ಈ ವಿನೋದ ಮುಗಿಯಿತು. ಅದರೊಡನೆ ಲೆಕ್ಕದ ಪುಸ್ತಕವೂ ಮುಗಿಯಿತು. ಪರವಿರೋಧಗಳ ವಾದ ಬಹಳವಿದೆ. ಆಟಕ್ಕಾಗಿ ಪ್ರಾಣಿಯ ಬಾಯಿಗೆ ಕೊಕ್ಕೆ ಹಾಕಿ ಆಮೇಲೆ ದಯೆ ತೋರುವುದು ಎಂಥ ಧರ್ಮ ಎಂದು ನನ್ನ ಮನಸ್ಸು ಈಗಲೂ ಕೇಳುತ್ತದೆ. ಶತಪಥಬ್ರಾಹ್ಮಣದ ಮನುವಿನ ಕೈಗೆ ಮೀನು ತಾನಾಗಿ ಬಂತು. ಅವನು ಅದನ್ನು ಸಾಕಿ ಕಡಲಿಗೆ ಬಿಟ್ಟನು, ಗಾಳವನ್ನು ಹಾಕಲಿಲ್ಲ. ಶೃಂಗೇರಿ, ರಾಮನಾಥಪುರಗಳ ಘಟ್ಟಗಳಲ್ಲಿ ಮೀನುಗಳಿಗೆ ಅಕ್ಕಿ ಹಾಕಿ ಕಾಯುವ ನಮ್ಮ ಹಳೆಯ ಪದ್ಧತಿಯೇ ಮೇಲೆಂದು ಹೇಳಬಯಸಿದ್ದೆ. ಆದರೆ ೧೯೯೬ರಲ್ಲಿ ಶಿಶಿಲದ ಮತ್ಸ್ಯತೀರ್ಥಕ್ಕೆ ದುಷ್ಟರು ವಿಷ ಹಾಕಿದಾಗ ದೇವರ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಭಕ್ತಿಯ ಕಾವಲು ಘಟ್ಟದ ಮೆಟ್ಟಿಲುಗಳನ್ನು ದಾಟಿ ಹೋಗುವುದಿಲ್ಲ. ನಿರ್ಜನವಾದ ಮಡುವಿಗೆ ಹಗಲಿರುಳು ಕಾವಲಿದ್ದವರು ಈ ಗಾಳದವರೇ. ಅವರ ವಿನೋದವನ್ನು ನಾನು ಮೆಚ್ಚಲಾರೆ. ಅವರ ಕಾವಲನ್ನೂ ಲೆಕ್ಕವನ್ನೂ ಅಲ್ಲಗಳೆಯಲಾರೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳು ಹರಿಯುತ್ತವೆ. ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹದ ವಿರುದ್ಧ ಏರುವ ಮೀನಿಗೆ ಕನ್ನಂಬಾಡಿಯ ಕಟ್ಟೆಯೂ, ೧೯೭೪ರಲ್ಲಿ ಮುಗಿದ ಕಪಿಲೆಯ ಅಣೆಕಟ್ಟೂ ಅಡ್ಡವಾಗಿ ನಿಂತಿವೆ. ಅದು ನಮ್ಮ ಲೇಖನಿಗೆ ಮೀರಿದ ವಿಷಯ. ಆದರೆ ಹುಣಸೂರು, ಕೃಷ್ಣರಾಜನಗರಗಳ ಕನ್ನಡ ಅಧ್ಯಾಪಕರಿಂದ ಆಗುವ ಕೆಲಸವೊಂದಿದೆ. ಹೊಳೆಯ ದಡದ ವೃದ್ಧರ ಬಾಯಲ್ಲಿರುವ ಮೀನುಗಳ ಹೆಸರುಗಳನ್ನು, ಆಯಾ ಮೀನಿನ ಬಣ್ಣ, ಬೆನ್ನಿನ ಆಕಾರ, ಕಾಣಿಸುವ ಕಾಲ ಇವುಗಳೊಡನೆ ಬರೆದುಕೊಳ್ಳಬೇಕು. ಒಂದೊಂದಕ್ಕೂ ‘ಇದು ಹೊಳೆಯದೋ, ಬಿಟ್ಟದ್ದೋ’ ಎಂದು ಕೇಳುವುದನ್ನು ಮರೆಯಬಾರದು. ಚುಂಚನಕಟ್ಟೆಯಿಂದ ಮೇಲಕ್ಕೆ ನಾನು ಈ ಕೆಲಸವನ್ನು ಆರಂಭಿಸಿದ್ದೇನೆ. ಹೆಗ್ಗಡದೇವನಕೋಟೆಯ ಭಾಗವನ್ನು ಯಾರಾದರೂ ವಹಿಸಿಕೊಂಡರೆ ಉಪಕಾರವಾಗುವುದು.