ದೂರದ ವಿಮಾನಯಾನ: ಹಿರಿಯರು ತಿಳಿದಿರಬೇಕಾದ ಸಂಗತಿಗಳು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ಕಾಣಲಿಕ್ಕೋ ವಯಸ್ಸಾದ ತಂದೆತಾಯಿಗಳು ವಿಮಾನವೇರುತ್ತಾರೆ. ‘ಎಷ್ಟು ತಾಸಿನ ಹಾದಿ?’ ಎಂಬ ಅವರ ಪ್ರಶ್ನೆಗೆ ಟಿಕೇಟಿನ ಮೇಲಿನ ತಾಸುಗಳು ಅರ್ಧ ಉತ್ತರ ಮಾತ್ರ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ನೇರ ವಿಮಾನವನ್ನು ತಂದರು. ಅಂತರ ಸುಮಾರು 14,000 ಕಿ.ಮೀ.; ಕಾಲ ಸುಮಾರು 17 ತಾಸು. ಭೂಮಿ ಗೋಳಾಕಾರವಾದ್ದರಿಂದ ಉತ್ತರ ಧ್ರುವದ ಮೇಲಿನ ದಾರಿಯೇ ಹತ್ತಿರವಾಯಿತು. ಶನಿವಾರ ರಾತ್ರಿ ಹೊರಟವರು ಇಳಿದದ್ದು ಸೋಮವಾರ ನಸುಕಿನಲ್ಲಿ.

ಇದಕ್ಕೆ ಹಿರೇಕೆರೂರಿನಿಂದ ಹುಬ್ಬಳ್ಳಿ ನಿಲ್ದಾಣದವರೆಗಿನ ಎರಡು ತಾಸಿಗೂ ಮಿಕ್ಕಿದ ರಸ್ತೆ, ಬೆಂಗಳೂರಿಗೆ ಒಂದು ತಾಸಿನ ಹಾರಾಟ, ಎರಡೂ ನಿಲ್ದಾಣಗಳಲ್ಲಿ ಕಾಯುವಿಕೆ, ಇಳಿದ ಮೇಲಿನ ತಪಾಸಣೆ ಸೇರಿಸಿದರೆ ಹೊಸ್ತಿಲಿನಿಂದ ಹೊಸ್ತಿಲಿಗೆ ಸುಮಾರು 30 ತಾಸು. ದೇಹಕ್ಕೆ ಲೆಕ್ಕವಾಗುವುದು ಈ 30 ತಾಸು.

ನಾಲ್ಕು ತಾಸಿಗಿಂತ ಹೆಚ್ಚು ಕಾಲ ಕುಳಿತೇ ಪ್ರಯಾಣಿಸಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಬಸ್ಸು, ಕಾರು, ರೈಲಿಗೂ ಈ ಮಾತು ಅನ್ವಯಿಸುತ್ತದೆ. ಆದ್ದರಿಂದ ಎರಡು ತಾಸಿಗೊಮ್ಮೆ ಎದ್ದು ನಡೆಯಬೇಕು. ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಹಿಂದೆ ರಕ್ತ ಹೆಪ್ಪುಗಟ್ಟಿದವರು, ಹೃದ್ರೋಗಿಗಳು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಸಮ್ಮತಿಯಿಲ್ಲದೆ ಹೊರಡಬಾರದು.

ವಿಮಾನದ ಒಳಗಿನ ಗಾಳಿ ಬಹಳ ಒಣ. ಆಯುರ್ವೇದದ ದೃಷ್ಟಿಯಲ್ಲಿ ರೂಕ್ಷತೆ, ಚಲನೆ, ನಿದ್ರಾಭಂಗ ಮೂರೂ ವಾತವನ್ನು ಕೆರಳಿಸುತ್ತವೆ. ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಮಿತಾಹಾರ ಹಿತಕರ. ಸವಣೂರು ಖಾರಾ ಮಕ್ಕಳಿಗೆಂದು ಪೆಟ್ಟಿಗೆಯಲ್ಲಿರಲಿ, ದಾರಿಯ ತಿನಿಸಾಗದಿರಲಿ. ಶೌಚಾಲಯಕ್ಕೆ ಏಳಲು ಸಂಕೋಚಪಟ್ಟು ನೀರನ್ನೇ ಬಿಡುವ ತಾಯಂದಿರಿದ್ದಾರೆ. ಚರಕ ಸಂಹಿತೆಯು ತಡೆಯಬಾರದ ಹದಿಮೂರು ವೇಗಗಳಲ್ಲಿ ಮೂತ್ರವೇಗವನ್ನೂ ಎಣಿಸಿದೆ. ನಡುದಾರಿಯ ಪಕ್ಕದ ಆಸನವನ್ನು ಮೊದಲೇ ಕೇಳಿ ಪಡೆಯಬೇಕು.

ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು ಹಿಂದೆ. ನಮ್ಮ ಹಗಲು ಅಲ್ಲಿ ರಾತ್ರಿ. ಹಸಿವು, ನಿದ್ರೆಗಳು ಹೊಂದಿಕೊಳ್ಳಲು ವಾರಕ್ಕೂ ಮಿಕ್ಕಿ ಬೇಕಾಗಬಹುದು. ಬೆಳಗಿನ ಬಿಸಿಲಿನಲ್ಲಿ ಅಡ್ಡಾಡುವುದು ಇದಕ್ಕೆ ಸಹಾಯಕ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಮತ್ತು ಮಾತ್ರೆಗಳ ವೇಳೆಯನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ಔಷಧಿ, ಚೀಟಿ ಕೈಚೀಲದಲ್ಲಿಯೇ ಇರಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಪ್ರಯಾಣದ ನಂತರ ಕೆಲವು ವಾರಗಳೊಳಗೆ ಒಂದೇ ಕಾಲು ಬಾತು ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಬಾರದು. ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕ್ಷಣವೂ ಕಾಯುವಂತಿಲ್ಲ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತಿದ್ದೇವೆ.