ಎಂ.ಎಸ್.ಡಬ್ಲ್ಯು.: ಒಂದು ವರ್ಷವೋ, ಎರಡು ವರ್ಷವೋ?

ಶಕ್ತಿನಗರದ ಮನೆಗಳಲ್ಲಿ ಮಕ್ಕಳ ಪಿ.ಯು.ಸಿ. ಮುಗಿಯಿತೆಂದರೆ ಎಂಜಿನಿಯರಿಂಗ್ ಮಾತು ಶುರು. ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ಕಣ್ಣೆದುರೇ ಇರುವಾಗ ಅದು ಸಹಜವೇ. ಆದರೆ ಜನರ ನಡುವೆ ದುಡಿಯುವ ಒಲವುಳ್ಳವರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯು. ಕೂಡ ಉಂಟು. ಆಸ್ಪತ್ರೆ, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಇದನ್ನು ಓದಿದವರಿಗೆ ಕೆಲಸವಿದೆ.

ಇದನ್ನು ಒಂದೇ ವರ್ಷದಲ್ಲಿ ಮುಗಿಸಬಹುದೇ? ಎಲ್ಲರಿಗೂ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2024ರ ಚೌಕಟ್ಟಿನ ಪ್ರಕಾರ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಕನಿಷ್ಠ 160 ಕ್ರೆಡಿಟ್‌ಗಳ ನಾಲ್ಕು ವರ್ಷದ ಆನರ್ಸ್ ಪದವಿ ಬೇಕು. ಮೂರು ವರ್ಷದ ಪದವೀಧರರು ಎರಡು ವರ್ಷ ಓದಬೇಕು.

ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಸರ್ಕಾರ 2024-25ರಿಂದ ಕೈಬಿಟ್ಟು, ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿತು. ಹಾಗೆಂದು ಪಾಲಕರು ‘ಮಗಳಿಗೆ ಒಂದು ವರ್ಷ ನಷ್ಟವಾಯಿತಲ್ಲ’ ಎಂದು ಕೊರಗಬೇಕಿಲ್ಲ. ಕೂಡಿಸಿ ನೋಡಿ: ಮೂರಕ್ಕೆ ಎರಡು ಸೇರಿದರೂ ಐದು, ನಾಲ್ಕಕ್ಕೆ ಒಂದು ಸೇರಿದರೂ ಐದು.

ಮೂರು ವರ್ಷದ ದಾರಿಯಲ್ಲಿ ಒಂದು ಅನುಕೂಲವೂ ಇದೆ. ಬಿ.ಎಸ್.ಡಬ್ಲ್ಯು. ಅಷ್ಟೇ ಅಲ್ಲ, ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಆದವರನ್ನೂ ಎರಡು ವರ್ಷದ ಎಂ.ಎಸ್.ಡಬ್ಲ್ಯು.ಗೆ ಅನೇಕ ವಿಶ್ವವಿದ್ಯಾಲಯಗಳು ಸೇರಿಸಿಕೊಳ್ಳುತ್ತವೆ. ಬೇರೆ ವಿಷಯ ಓದಿ ಬಂದವರಿಗೆ ಹಳ್ಳಿ, ಕೇರಿ, ಆಸ್ಪತ್ರೆ ಸುತ್ತಿ ಕ್ಷೇತ್ರಕಾರ್ಯ ಕಲಿಯಲು ಎರಡು ವರ್ಷ ಹೆಚ್ಚೇನಲ್ಲ.

ಅಂಕಗಳ ಮಿತಿ, ಪ್ರವೇಶ ಪರೀಕ್ಷೆ ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ಅರ್ಜಿ ತುಂಬುವ ಮೊದಲು ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ತಂದೆ-ಮಕ್ಕಳು ಜೊತೆಗೆ ಕೂತು ಓದಿ.